ಎತ್ತರದ ವಾಹನ, ಎಟುಕದ ನೆಲ

ಶಿಂಷಾ ನದಿಯ ದಂಡೆಯ ಮೇಲಿರುವ ಮದ್ದೂರು ಹಿಂದಿನಿಂದಲೂ ಪಯಣಿಗರ ಊರು. ಬೆಂಗಳೂರಿನಿಂದ ಮೈಸೂರಿಗೆ ಹೊರಟವರು ಅರ್ಧಕ್ಕಿಂತ ತುಸು ಹೆಚ್ಚು ದಾರಿಯನ್ನು ಸವೆಸಿದ ಮೇಲೆ ಇಲ್ಲಿಗೆ ಬಂದು ಸೇರುತ್ತಾರೆ. ದಣಿವಾರಿಸಿಕೊಳ್ಳದೆ ಮುಂದೆ ಸಾಗುವವರು ವಿರಳ. 1917ರಲ್ಲಿ ರಾಮಚಂದ್ರ ಬುಧ್ಯರು ಇಲ್ಲಿನ ರೈಲು ನಿಲ್ದಾಣದಲ್ಲಿ ಪ್ರಯಾಣಿಕರಿಗಾಗಿ ಕರಿದು ಕೊಟ್ಟ ವಡೆಯು ಊರಿನ ಹೆಸರನ್ನೇ ಹೊತ್ತು ನಾಡೆಲ್ಲ ಸುತ್ತಿ ಬಂದಿದೆ. ಊರೊಳಗೆ ಉಗ್ರನರಸಿಂಹನ ದೇವಾಲಯವಿದೆ. ಸಮೀಪದಲ್ಲಿಯೇ 1938ರ ಧ್ವಜ ಸತ್ಯಾಗ್ರಹಕ್ಕೆ ಸಾಕ್ಷಿಯಾದ ಶಿವಪುರವಿದೆ.

ಮದ್ದೂರಿನಿಂದ ಎರಡು ದಾರಿಗಳು ಕವಲೊಡೆಯುತ್ತವೆ. ಒಂದು ಗೆಜ್ಜಲಗೆರೆಯನ್ನು ದಾಟಿ ಮಂಡ್ಯಕ್ಕೆ ಹೋಗುತ್ತದೆ. ದೂರ ಇಪ್ಪತ್ತು ಕಿಲೋಮೀಟರಿಗೆ ಹೆಚ್ಚಿಲ್ಲ. ಇನ್ನೊಂದು ದಕ್ಷಿಣಕ್ಕೆ ತಿರುಗಿ, ಕೆ.ಎಂ. ದೊಡ್ಡಿಯೆಂದು ಜನರು ಕರೆಯುವ ಭಾರತೀನಗರವನ್ನು ಹಾದು, ಸುಮಾರು ಇಪ್ಪತ್ತೈದು ಕಿಲೋಮೀಟರು ಸಾಗಿ ಮಳವಳ್ಳಿಯನ್ನು ಮುಟ್ಟುತ್ತದೆ. ಎರಡೂ ಕಡೆ ಕಬ್ಬು, ಭತ್ತ, ತೆಂಗು. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಾಗಿ ಹರಿದು ಬಂದು ಈ ಸೀಮೆಯನ್ನು ಹಸುರಾಗಿಸಿದೆ. ಮೂರು ಊರುಗಳನ್ನು ಜೋಡಿಸುವ ಈ ದಾರಿಗಳ ಮೇಲೆ ಎತ್ತಿನ ಗಾಡಿ, ಟ್ರ್ಯಾಕ್ಟರು, ಬಸ್ಸು, ಆಟೋ ಎಲ್ಲವೂ ಓಡಾಡುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ಓಡಾಡುವುದು ದ್ವಿಚಕ್ರ ವಾಹನ.

2023ರ ಮಾರ್ಚ್ 12ರಂದು ಗೆಜ್ಜಲಗೆರೆಯಲ್ಲಿ ನಡೆದ ಸಮಾರಂಭದಲ್ಲಿ ಬೆಂಗಳೂರು-ಮೈಸೂರು ನಡುವಿನ ಹತ್ತು ಪಥಗಳ ಹೊಸ ಹೆದ್ದಾರಿಯು ಲೋಕಾರ್ಪಣೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲವೆಂದು ವಿಧಿಸಲಾಯಿತು. ಹೀಗಾಗಿ ಕಾರುಗಳು ಊರುಗಳನ್ನು ಮುಟ್ಟದೆ ಮೇಲಿನಿಂದ ಹಾರಿಹೋಗುತ್ತವೆ; ಮೋಟಾರು ಸೈಕಲ್ಲಿನವರು ಮಾತ್ರ ಪಕ್ಕದ ರಸ್ತೆಯನ್ನೂ ಹಳೆಯ ಊರುದಾರಿಯನ್ನೂ ಹಿಡಿಯಬೇಕು. ಮದ್ದೂರಿನ ಪೇಟೆ, ಮಂಡ್ಯದ ವೃತ್ತಗಳು, ಹಳ್ಳಿಯ ಉಬ್ಬುಗಳು—ಎಲ್ಲವೂ ಅವರ ಪಾಲಿಗೆ ಉಳಿದಿವೆ. ನಿಲ್ಲುವುದು, ಹೊರಡುವುದು, ಮತ್ತೆ ನಿಲ್ಲುವುದು. ಇಲ್ಲಿನ ಸವಾರಿಯೆಂದರೆ ಇದು. ನಿಂತಾಗಲೆಲ್ಲ ಕಾಲು ನೆಲವನ್ನು ಹುಡುಕುತ್ತದೆ. ಆ ಕಾಲು ನೆಲಕ್ಕೆ ಎಟುಕದಿದ್ದರೆ?

ಜಾವಾ ಓಡಿದ ಹಾದಿ

ಈ ದಾರಿಗೆ ಮೋಟಾರು ಸೈಕಲ್ಲು ಹೊಸದಲ್ಲ. ಮೈಸೂರಿನ ಯಾದವಗಿರಿಯಲ್ಲಿ ‘ಐಡಿಯಲ್ ಜಾವಾ’ ಕಾರ್ಖಾನೆಯು 1961ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಚೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಗಿಯಿಂದ ತಯಾರಾದ ಆ ವಾಹನವು ಮುಂದೆ ‘ಯೆಜ್ಡಿ’ ಎಂಬ ಹೆಸರನ್ನು ಪಡೆಯಿತು. 1996ರಲ್ಲಿ ಕಾರ್ಖಾನೆಯು ಮುಚ್ಚಿತು. ಆದರೂ ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರದಂದು ಜಾವಾ ದಿನವನ್ನು ಆಚರಿಸುವ ಅಭಿಮಾನಿಗಳು ಮೈಸೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಇದ್ದಾರೆ. ಒದ್ದು ಚಾಲೂ ಮಾಡುವ ಸನ್ನೆಯೇ ಗೇರು ಬದಲಿಸುವ ಸನ್ನೆಯೂ ಆಗಿದ್ದುದು ಆ ಗಾಡಿಯ ವಿಶೇಷ. ಅದರ ಆಸನವು ತಗ್ಗಾಗಿತ್ತು. ಸಾಧಾರಣ ಎತ್ತರದ ಗುಮಾಸ್ತರೂ ಮೇಷ್ಟರೂ ಅದರ ಮೇಲೆ ನಿಶ್ಚಿಂತೆಯಿಂದ ಕುಳಿತು ಎರಡು ಕಾಲುಗಳನ್ನೂ ಊರುತ್ತಿದ್ದರು.

ಇಂದು ದೂರದ ಪ್ರಯಾಣಕ್ಕೆಂದು ತಯಾರಾಗುವ ‘ಸ್ಪೋರ್ಟ್ ಟೂರಿಂಗ್’ ಬಗೆಯ ವಾಹನಗಳ ಮೈಕಟ್ಟೇ ಬೇರೆ. ವೇಗಕ್ಕೆ ತಕ್ಕ ಗಟ್ಟಿಯಾದ ಚೌಕಟ್ಟು, ಹೆಚ್ಚು ಆಳಕ್ಕೆ ಕುಸಿದು ಮೇಲೇಳುವ ಸ್ಪ್ರಿಂಗು, ದೊಡ್ಡ ಪೆಟ್ರೋಲು ಟ್ಯಾಂಕು, ಅಗಲವಾದ ಆಸನ. ಹೊಸೂರಿನಲ್ಲಿ ತಯಾರಾಗುವ ಟಿ.ವಿ.ಎಸ್. ಅಪಾಚೆ ಆರ್.ಆರ್. 310ರ ಆಸನದ ಎತ್ತರ 810 ಮಿಲಿಮೀಟರು. ಬಜಾಜ್ ಡೊಮಿನಾರ್ 400ರ ಆಸನ 800 ಮಿಲಿಮೀಟರು. ತೂಕವು ಸುಮಾರು 190 ಕಿಲೋಗ್ರಾಂ. ಭಾರತದ ವಯಸ್ಕ ಮಹಿಳೆಯರ ಸರಾಸರಿ ಎತ್ತರವೋ ಸುಮಾರು 152 ಸೆಂಟಿಮೀಟರು, ಎಂದರೆ ಐದು ಅಡಿ. ಗಂಡಸರಲ್ಲಿಯೂ ಐದಡಿ ನಾಲ್ಕು ಅಂಗುಲಕ್ಕೆ ನಿಂತವರು ಲಕ್ಷಾಂತರ ಮಂದಿ ಇದ್ದಾರೆ. ವಾಹನವನ್ನು ರೂಪಿಸಿದವರ ಕಣ್ಣಮುಂದೆ ಇದ್ದ ಸವಾರನು ಇವರಲ್ಲಿ ಒಬ್ಬನಾಗಿರಲಿಲ್ಲವೆಂದು ತೋರುತ್ತದೆ.

ಹಾಗೆಂದು ಗಿಡ್ಡ ಮೈಯವರಿಗೆ ದೊಡ್ಡ ಯಂತ್ರವು ಒಗ್ಗದೆಂದು ಹೇಳುವಂತಿಲ್ಲ. ಸ್ಪೇನಿನ ಡಾನಿ ಪೆದ್ರೋಸನ ಎತ್ತರ ಸುಮಾರು 160 ಸೆಂಟಿಮೀಟರು ಮಾತ್ರ. ಆತನು 2003ರಲ್ಲಿ 125 ಸಿ.ಸಿ. ವರ್ಗದಲ್ಲಿಯೂ, 2004 ಮತ್ತು 2005ರಲ್ಲಿ 250 ಸಿ.ಸಿ. ವರ್ಗದಲ್ಲಿಯೂ ವಿಶ್ವವಿಜೇತನಾದನು, ಆಮೇಲೆ ಅತ್ಯುನ್ನತ ವರ್ಗದ ಮೋಟೋ ಜಿ.ಪಿ.ಯಲ್ಲಿ 31 ಪಂದ್ಯಗಳನ್ನು ಗೆದ್ದನು. ಆದರೆ ಪಂದ್ಯದ ಅಂಗಳದಲ್ಲಿ ಮುಂದೆ ದನ ಅಡ್ಡ ಬರುವುದಿಲ್ಲ, ಹಿಂದೆ ತಾಯಿ ಕುಳಿತಿರುವುದಿಲ್ಲ. ಮದ್ದೂರು-ಮಳವಳ್ಳಿ ರಸ್ತೆಯಲ್ಲಿ ಇವೆರಡೂ ಉಂಟು.

ಅಳತೆಯ ಲೆಕ್ಕ

ಮದ್ದೂರಿನ ಒಂದು ಮನೆಯಲ್ಲಿ ಈ ಪ್ರಶ್ನೆಯು ಲೆಕ್ಕದ ರೂಪವನ್ನು ತಾಳಿತು. ಆ ಮನೆಯ ಮಗಳು ಮಳವಳ್ಳಿಯ ಒಂದು ಬ್ಯಾಂಕಿನಲ್ಲಿ ಉದ್ಯೋಗಸ್ಥೆ. ತಂದೆ ಇಲ್ಲ, ತಾಯಿಯ ತವರು ಮಳವಳ್ಳಿಯಾಚೆಯ ಹಳ್ಳಿ. ದಿನವೂ ಕೆಲಸಕ್ಕೆ ಹೋಗಿ ಬರಬೇಕು, ವಾರಕ್ಕೊಮ್ಮೆ ತಾಯಿಯನ್ನು ತವರಿಗೆ ಕರೆದೊಯ್ಯಬೇಕು, ರಜೆ ಸಿಕ್ಕಾಗ ಕೊಳ್ಳೇಗಾಲವನ್ನು ದಾಟಿ ಬಿಳಿಗಿರಿರಂಗನ ಬೆಟ್ಟದವರೆಗೂ ಹೋಗಬೇಕು—ಇಷ್ಟು ಆಸೆಗಳನ್ನು ಒಟ್ಟಿಗೆ ಇಟ್ಟುಕೊಂಡು ಆಕೆಯು ಡೊಮಿನಾರ್ ವಾಹನವೊಂದನ್ನು ಹಳೆಯದಾಗಿ ಕೊಂಡಳು. ಆಕೆಯ ಎತ್ತರ ಐದು ಅಡಿ.

ಮನೆಗೆ ಬಂದ ಸೋದರಮಾವನು ವಾಹನವನ್ನೂ ಸೊಸೆಯನ್ನೂ ಒಮ್ಮೆ ನೋಡಿ, “ಏನವ್ವಾ ಇದು, ಏಣಿ ಹಾಕ್ಕಂಡು ಹತ್ತೀಯಾ? ಸ್ಕೂಟ್ರು ತಗಬಾರ್ದಾಗಿತ್ತಾ?” ಎಂದನು. ಆ ಮಾತಿನಲ್ಲಿ ಕುಚೋದ್ಯವಿದ್ದಷ್ಟೇ ಕಾಳಜಿಯೂ ಇತ್ತು. ಮೊದಲ ವಾರದಲ್ಲಿಯೇ ಮನೆಯ ಮುಂದೆ ವಾಹನವು ಎರಡು ಬಾರಿ ಪಕ್ಕಕ್ಕೆ ಉರುಳಿತು. ಓಡುತ್ತಿದ್ದಾಗ ಅಲ್ಲ, ನಿಂತಿದ್ದಾಗ. ಗಿಡ್ಡ ಸವಾರರು ಬೀಳುವುದು ಹೆಚ್ಚಾಗಿ ಹೀಗೆಯೇ. ವಾಹನವು ಓಡುವಾಗ ಚಕ್ರಗಳೇ ಅದನ್ನು ನೆಟ್ಟಗೆ ನಿಲ್ಲಿಸುತ್ತವೆ. ನಿಂತಾಗ ಮಾತ್ರ ಆ ಕೆಲಸವು ಕಾಲಿನ ಪಾಲಿಗೆ ಬರುತ್ತದೆ. ಒಂದೆರಡು ಅಂಶದಷ್ಟು ವಾಲಿದಾಗ 190 ಕಿಲೋವನ್ನು ತಡೆಯುವುದು ಸುಲಭ. ವಾಲಿಕೆ ಹೆಚ್ಚಿದ ಮೇಲೆ ಪೈಲ್ವಾನನಿಂದಲೂ ಆಗದು.

ಮಂಡ್ಯದಲ್ಲಿ ಹಳೆಯ ಯೆಜ್ಡಿಗಳನ್ನು ಬಿಚ್ಚಿ ಕಟ್ಟುತ್ತ ಬೆಳೆದ ಮೆಕ್ಯಾನಿಕ್ ಒಬ್ಬರಿದ್ದಾರೆ. ಆಕೆಯು ವಾಹನವನ್ನು ಅಲ್ಲಿಗೆ ಒಯ್ದು, “ಅಣ್ಣ, ಗಾಡಿಯನ್ನು ಎರಡಂಗುಲ ತಗ್ಗಿಸಿಕೊಡಬೇಕು” ಎಂದಳು.

ಅವರು ತಕ್ಷಣ ಸ್ಪ್ಯಾನರನ್ನು ಕೈಗೆ ತೆಗೆದುಕೊಳ್ಳಲಿಲ್ಲ. “ಗಾಡಿಯ ತಗ್ಗುಸ್ಬೋದು ಕಣವ್ವಾ. ರೋಡಲ್ಲಿರೋ ಹಂಪ ತಗ್ಗುಸಕಾಯ್ತದಾ? ಮೊದ್ಲು ಕಾಲು ಅಳ್ಕಂಡು ಬಾ” ಎಂದರು.

ಸವಾರರು ಹೇಳಿಕೊಳ್ಳುವ ಎತ್ತರವು ತಲೆಯವರೆಗಿನದು. ವಾಹನಕ್ಕೆ ಬೇಕಾದದ್ದು ಕಾಲಿನ ಅಳತೆ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಗಟ್ಟಿ ರಟ್ಟಿನ ಪುಸ್ತಕವೊಂದನ್ನು ತೊಡೆಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು, ನೆಲದಿಂದ ಪುಸ್ತಕದ ಅಂಚಿನವರೆಗೆ ಅಳೆಯಬೇಕು. ಆಕೆಯ ಅಳತೆ 70 ಸೆಂಟಿಮೀಟರು ಬಂದಿತು. ಆಸನವೋ 80. ಹತ್ತು ಸೆಂಟಿಮೀಟರಿನ ಅಂತರ. ಆದರೆ ಇದು ಅಂತಿಮ ಲೆಕ್ಕವಲ್ಲ. ಸವಾರಳು ಕುಳಿತೊಡನೆ ಸ್ಪ್ರಿಂಗು ತುಸು ಕುಸಿಯುತ್ತದೆ. ಆಕೆಯ ಭಾರಕ್ಕೆ ಮೂರೂವರೆ ಸೆಂಟಿಮೀಟರು ಕುಸಿಯಿತು. ದಪ್ಪ ಅಟ್ಟೆಯ ಬೂಟು ಕಾಲಿಗೆ ಎರಡೂವರೆ ಸೆಂಟಿಮೀಟರನ್ನು ಕೂಡಿಸುತ್ತದೆ. ಉಳಿದ ಅಂತರ ನಾಲ್ಕು. ಇದಕ್ಕೆ ಆಸನದ ಅಗಲವನ್ನೂ ಸೇರಿಸಬೇಕು. ಅಗಲವಾದ ಆಸನವು ತೊಡೆಗಳನ್ನು ಹೊರಕ್ಕೆ ತಳ್ಳಿ ಕಾಲಿನ ಉದ್ದವನ್ನು ಕದಿಯುತ್ತದೆ. ಒಂದೇ ಎತ್ತರದ ಎರಡು ವಾಹನಗಳಲ್ಲಿ ಒಂದು ಎಟುಕಿ ಇನ್ನೊಂದು ಎಟುಕದಿರಲು ಇದೇ ಕಾರಣ.

ಕಾಸಿಲ್ಲದೆ ಆಗುವ ಕೆಲಸ

ಮೆಕ್ಯಾನಿಕ್ಕು ಮೊದಲು ಮುಟ್ಟಿದ್ದು ಕೈಗೆ ಸಿಕ್ಕುವ ಭಾಗಗಳನ್ನು. ಗಿಡ್ಡ ಸವಾರರಿಗೆ ಕಾಲಿನಷ್ಟೇ ಕೈಯೂ ಕಿರಿದು. ಕ್ಲಚ್ಚಿನ ಸನ್ನೆಯು ಬೆರಳಿನ ತುದಿಗೆ ಮಾತ್ರ ಸಿಕ್ಕಿದರೆ ದಟ್ಟಣೆಯಲ್ಲಿ ಕೈ ಸೋತು, ವಾಹನವು ಬೇಡದ ಸಮಯದಲ್ಲಿ ಮುಗ್ಗರಿಸಿ ನಿಲ್ಲುತ್ತದೆ. ಹಾಗೆ ನಿಂತದ್ದೇ ಬೀಳುವುದಕ್ಕೆ ಮೊದಲು. ಅವರು ಹ್ಯಾಂಡಲಿನ ಹಿಡಿತವನ್ನು ಸಡಿಲಿಸಿ ಅದನ್ನು ಸವಾರಳ ಕಡೆಗೆ ಕೂದಲೆಳೆಯಷ್ಟು ತಿರುಗಿಸಿದರು. ಸನ್ನೆಗಳನ್ನು ತೋಳಿನ ನೇರಕ್ಕೆ ಬಾಗಿಸಿದರು. ಗೇರಿನ ಪೆಡಲನ್ನು ಅದರ ಹಲ್ಲುಗಳ ಮೇಲೆ ಒಂದು ಹಲ್ಲಿನಷ್ಟು ಕೆಳಕ್ಕೆ ಕೂರಿಸಿದರು. ಒಂದು ಗಂಟೆಯ ಕೆಲಸ. ಹೊಸ ಸಾಮಾನು ಒಂದೂ ಬೇಕಾಗಲಿಲ್ಲ.

ಅನಂತರ ಸ್ಪ್ರಿಂಗು. ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿ ಇಡಬೇಕೆಂಬುದನ್ನು ಸವಾರರ ತೂಕಕ್ಕೆ ತಕ್ಕಂತೆ ಬದಲಿಸಬಹುದು. ಸವಾರನು ಕುಳಿತಾಗ ಒಟ್ಟು ಆಟದ ಸುಮಾರು ಮೂರನೆಯ ಒಂದು ಭಾಗದಷ್ಟು ಕುಸಿದರೆ ಅದು ಸರಿಯಾದ ಹದ. ಹಳೆಯ ಮಾಲೀಕನು ಭಾರೀ ಆಳೋ, ಅದನ್ನು ಬಿಗಿಯಾಗಿ ಇಟ್ಟಿದ್ದನು. ಸಡಿಲಿಸಿದಾಗ ಇನ್ನೊಂದು ಸೆಂಟಿಮೀಟರು ತಗ್ಗಿತು. ಆದರೆ ಹಿಂದೆ ಇನ್ನೊಬ್ಬರು ಕುಳಿತರೆ ಮತ್ತೆ ಬಿಗಿಮಾಡಬೇಕೆಂದು ಅವರು ಎಚ್ಚರಿಸಿದರು.

ಮೂರನೆಯದು ಆಸನ. ಟ್ರ್ಯಾಕ್ಟರಿಗೂ ಆಟೋಗಳಿಗೂ ಸೀಟು ಹೊಲಿಯುವ ಕುಷನ್ ಅಂಗಡಿಗಳು ಮಂಡ್ಯದಲ್ಲಿ ಸಾಕಷ್ಟು. 1933ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಾರ್ಖಾನೆಯಿಂದ ಬೆಳೆದ ಊರು ಇದು; ಕಬ್ಬು ಸಾಗಿಸುವ ವಾಹನಗಳಿರುವಲ್ಲಿ ಅವುಗಳ ದುರಸ್ತಿಯ ಕುಶಲಕರ್ಮಿಗಳೂ ಇರಲೇಬೇಕಲ್ಲವೆ? ರೆಕ್ಸಿನನ್ನು ಬಿಚ್ಚಿ, ಒಳಗಿನ ಸ್ಪಂಜನ್ನು ಮುಂಭಾಗದಲ್ಲಿ ಎರಡೂವರೆ ಸೆಂಟಿಮೀಟರು ಕೊರೆದು, ಎರಡು ಪಕ್ಕಗಳನ್ನೂ ಇಳಿಜಾರಾಗಿ ಸವರಿ, ಮತ್ತೆ ಹೊಲಿದರು. ಎತ್ತರವೂ ತಗ್ಗಿತು, ಅಗಲವೂ ಕುಗ್ಗಿತು. ಈ ಉಪಾಯದ ದೊಡ್ಡ ಗುಣವೆಂದರೆ ವಾಹನದ ನಡಿಗೆಯು ಕಿಂಚಿತ್ತೂ ಬದಲಾಗದಿರುವುದು. ಅವಗುಣವೂ ಉಂಟು: ಅತಿಯಾಗಿ ಕೊರೆದರೆ ಸ್ಪಂಜಿನ ಅಡಿಯ ತಳವೇ ಮೂಳೆಗೆ ತಾಗಿ, ಐವತ್ತು ಕಿಲೋಮೀಟರಿನಲ್ಲಿ ಸವಾರಿಯು ಶಿಕ್ಷೆಯಾಗುತ್ತದೆ. ತಿಳಿದವರು ಮೂಲ ಆಸನವನ್ನು ಹಾಗೆಯೇ ಎತ್ತಿಟ್ಟು, ಇನ್ನೊಂದನ್ನು ಕೊಂಡು ಅದರ ಮೇಲೆ ಕತ್ತರಿ ಆಡಿಸುತ್ತಾರೆ.

ಈಗ ಉಳಿದ ಅಂತರವು ಅರ್ಧ ಸೆಂಟಿಮೀಟರು. ಒಂದು ಕಡೆಗೆ ತುಸು ಜರುಗಿ ಕುಳಿತರೆ ಒಂದು ಪಾದವು ಪೂರ್ತಿಯಾಗಿ ನೆಲಕ್ಕೆ ಊರುತ್ತಿತ್ತು. ಎರಡೂ ಕಾಲುಗಳನ್ನು ಚಾಚಿದರೆ ಬೆರಳ ತುದಿಗಳು ಮಾತ್ರ ತಾಗುತ್ತಿದ್ದವು. ಆಕೆಗೆ ಅಷ್ಟು ಸಾಲಲಿಲ್ಲ. ಎರಡು ಪಾದಗಳೂ ಊರಬೇಕೆಂಬುದು ಆಕೆಯ ಹಟ.

ತಗ್ಗಿಸಿದರೆ ತೆರಬೇಕಾದ ಬೆಲೆ

ಅದಕ್ಕೂ ದಾರಿಯಿದೆ. ಹಿಂಬದಿಯ ಶಾಕ್ ಅಬ್ಸಾರ್ಬರನ್ನು ಹಿಡಿದಿರುವ ಕೊಂಡಿಯನ್ನು ಬದಲಿಸಿ ಹಿಂಭಾಗವನ್ನು ಇಳಿಸುವ ಬಿಡಿಭಾಗಗಳನ್ನು ಹಲವು ವಾಹನಗಳಿಗೆ ಮಾರುತ್ತಾರೆ. ಹಿಂದೆ ಇಳಿಸಿದಷ್ಟೇ ಮುಂದೆಯೂ ಇಳಿಸಬೇಕು. ಅದಕ್ಕಾಗಿ ಮುಂದಿನ ಫೋರ್ಕಿನ ಕೊಳವೆಗಳನ್ನು ಅವುಗಳ ಹಿಡಿಕಟ್ಟಿನೊಳಗೆ ಮೇಲಕ್ಕೆ ಸರಿಸುತ್ತಾರೆ. ಹಿಂದೆ ಮಾತ್ರ ಇಳಿಸಿ ಮುಂದೆ ಬಿಟ್ಟರೆ ವಾಹನವು ಮೂಗೆತ್ತಿದ ಕುದುರೆಯಂತಾಗಿ, ತಿರುವಿನಲ್ಲಿ ಹ್ಯಾಂಡಲು ಜಡವಾಗುತ್ತದೆ. ದೀಪವು ರಸ್ತೆಯನ್ನು ಬಿಟ್ಟು ಎದುರಿನವರ ಕಣ್ಣನ್ನು ಬೆಳಗುತ್ತದೆ. ಮುಂದೆ ಮಾತ್ರ ಅತಿಯಾಗಿ ಇಳಿಸಿದರೆ ಹ್ಯಾಂಡಲು ಚಂಚಲವಾಗುತ್ತದೆ. ಗುಂಡಿಗೆ ಬಿದ್ದಾಗ ಚಕ್ರದ ಮೇಲಿನ ಮಡ್‌ಗಾರ್ಡು ಮೇಲಿನ ಭಾಗಗಳಿಗೆ ಬಡಿಯುವ ಅಪಾಯವೂ ಇದೆ. ಪಕ್ಕದ ಸ್ಟ್ಯಾಂಡು ಅಷ್ಟರಮಟ್ಟಿಗೆ ಉದ್ದವಾಗಿಬಿಡುವುದರಿಂದ ಅದನ್ನೂ ಕತ್ತರಿಸಿ ಬೆಸೆಯಬೇಕು. ಇಲ್ಲವಾದರೆ ನಿಲ್ಲಿಸಿದ ವಾಹನವು ಬಲಕ್ಕೆ ಮಗುಚುತ್ತದೆ. ಚೈನಿನ ಸಡಿಲವನ್ನೂ ಮತ್ತೆ ನೋಡಬೇಕು. ಒಂದು ಕಡೆ ಮುಟ್ಟಿದರೆ ನಾಲ್ಕು ಕಡೆ ಕೆಲಸ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೊದಲು ಸೂಚಿಸಿದ್ದಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಮಾರ್ಪಡಿಸಲಾಗದು. ಸನ್ನೆಯನ್ನು ತಿರುಗಿಸುವುದೂ ಸ್ಪ್ರಿಂಗನ್ನು ಹದಮಾಡುವುದೂ ತಯಾರಕರೇ ಒದಗಿಸಿದ ಅನುಕೂಲಗಳು. ಚೌಕಟ್ಟನ್ನು ಕೊಯ್ಯುವುದು ಹಾಗಲ್ಲ.

ಆದರೆ ಈ ಸೀಮೆಯಲ್ಲಿ ಅಂತಿಮ ತೀರ್ಪನ್ನು ಕೊಡುವುದು ರಸ್ತೆಯ ಉಬ್ಬು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾದರಿಯಂತೆ ಉಬ್ಬು 3.7 ಮೀಟರು ಅಗಲವಾಗಿ, ನಡುವೆ 10 ಸೆಂಟಿಮೀಟರು ಎತ್ತರವಾಗಿ, ಆಮೆಯ ಬೆನ್ನಿನಂತೆ ಇರಬೇಕು. ಡೊಮಿನಾರಿನ ಎರಡು ಚಕ್ರಗಳ ನಡುವಣ ಅಂತರ 1453 ಮಿಲಿಮೀಟರು. ಅಂಥ ಉಬ್ಬಿನ ಮೇಲೆ ಎರಡು ಚಕ್ರಗಳೂ ಒಟ್ಟಿಗೆ ಏರುವುದರಿಂದ ವಾಹನದ ಹೊಟ್ಟೆಗೆ ಅದು ಸುಮಾರು 15 ಮಿಲಿಮೀಟರಿನಷ್ಟೇ ಸಮೀಪಿಸುತ್ತದೆ. ಹಳ್ಳಿಯವರು ಅಪಘಾತಕ್ಕೆ ಹೆದರಿ ರಾತ್ರೋರಾತ್ರಿ ಹಾಕಿಕೊಂಡ ಉಬ್ಬುಗಳೋ ತೆಂಗಿನ ದಿಮ್ಮಿಯನ್ನು ಅಡ್ಡ ಮಲಗಿಸಿದಂತೆ ಇರುತ್ತವೆ. ಅವು ಎರಡು ಚಕ್ರಗಳ ನಡುವೆ ಪೂರ್ತಿಯಾಗಿ ಅಡಗಿ, ತಮ್ಮ ಎತ್ತರವನ್ನೆಲ್ಲ ಹೊಟ್ಟೆಯ ಕೆಳಗೆ ತೋರಿಸುತ್ತವೆ. ಆ ಊರಿನವರನ್ನು ದೂರುವಂತಿಲ್ಲ. ಶಾಲೆಯ ಮಕ್ಕಳು ದಾಟುವ ರಸ್ತೆ ಅದು.

ಮೆಕ್ಯಾನಿಕ್ಕು ಟೇಪನ್ನು ಹಿಡಿದು ಆಕೆಗೆ ಇದನ್ನೇ ಕಾಣಿಸಿದರು. ತಯಾರಕರ ಲೆಕ್ಕದಲ್ಲಿ ನೆಲಕ್ಕೂ ವಾಹನದ ಹೊಟ್ಟೆಗೂ ನಡುವೆ 157 ಮಿಲಿಮೀಟರು. ಆಕೆಯನ್ನು ಕೂರಿಸಿ, ಹಿಂದೆ ತಮ್ಮ ಅಂಗಡಿಯ ಹುಡುಗನನ್ನು ಕೂರಿಸಿ ಅಳೆದಾಗ ಉಳಿದದ್ದು 115. “ಇನ್ನ ಇಪ್ಪತ್ತೈದು ಕಳಿ. ತೊಂಬತ್ತು. ನಿಮ್ಮವ್ವನ್ನ ಹಿಂದೆ ಕೂರುಸ್ಕಂಡು ಹಂಪ್ ಮ್ಯಾಲೆ ಹೊಟ್ಟೆ ಸಿಕ್ಕಾಕ್ಕಂಡ್ರೆ, ಚಕ್ರ ನೆಲ ಬಿಟ್ಟು ಗಾಡಿ ತೂಗಾಡ್ತದೆ. ಆಗ ಎರಡು ಕಾಲು ಊರುದ್ರೂ ಪ್ರಯೋಜ್ನಿಲ್ಲ” ಎಂದರು.

ಆಕೆಯು ಬಹಳ ಹೊತ್ತು ಸುಮ್ಮನಿದ್ದಳು. ಒಬ್ಬಳೇ ಓಡಾಡುವುದಾಗಿದ್ದರೆ ಇಳಿಸಿಕೊಂಡೇ ಬಿಡುತ್ತಿದ್ದಳು. ಆದರೆ ವಾಹನವನ್ನು ಕೊಂಡದ್ದು ಒಬ್ಬಳಿಗಾಗಿ ಅಲ್ಲ. “ಹಾಗಾದರೆ ಬೇಡ ಅಣ್ಣ. ಒಂದು ಕಾಲಿನಲ್ಲಿ ನಿಲ್ಲುವುದನ್ನೇ ಕಲಿಯುತ್ತೇನೆ” ಎಂದು ಹೇಳಿ ಎದ್ದಳು.

ಒಂದು ಕಾಲಿನ ವಿದ್ಯೆ

ಕಲಿಯುವ ವಿದ್ಯೆಯು ಸಣ್ಣದಲ್ಲ. ನಿಲ್ಲುವುದಕ್ಕೆ ಹತ್ತು ಮಾರು ಮೊದಲೇ ಯಾವ ಕಾಲನ್ನು ಊರಬೇಕೆಂದು ನಿಶ್ಚಯಿಸಬೇಕು. ನಮ್ಮ ರಸ್ತೆಗಳು ಮಳೆನೀರು ಹರಿದುಹೋಗಲೆಂದು ನಡುವೆ ಉಬ್ಬಿ ಅಂಚಿಗೆ ಇಳಿದಿರುತ್ತವೆ. ಎಡಗಡೆಯಲ್ಲಿ ಸಾಗುವ ವಾಹನಕ್ಕೆ ಎಡಗಾಲಿನ ನೆಲವು ತಗ್ಗು, ಬಲಗಾಲಿನ ನೆಲವು ಎತ್ತರ. ಉದ್ದ ಕಾಲಿನವರಿಗೆ ಈ ಎರಡು ಅಂಗುಲವು ಗೋಚರಕ್ಕೂ ಬರುವುದಿಲ್ಲ. ಗಿಡ್ಡ ಸವಾರರಿಗೆ ಬೀಳುವುದಕ್ಕೂ ನಿಲ್ಲುವುದಕ್ಕೂ ಇರುವ ವ್ಯತ್ಯಾಸವೇ ಅದು. ಆದುದರಿಂದ ಅಂಚಿನಲ್ಲಿ ನಿಲ್ಲಬೇಕಾದಾಗ ನಿಲ್ಲುವ ಮೊದಲೇ ಗೇರನ್ನು ಬಿಡಿಸಿ, ಮುಂದಿನ ಬ್ರೇಕನ್ನು ಕೈಯಲ್ಲಿ ಹಿಡಿದು, ಸೊಂಟವನ್ನು ಬಲಕ್ಕೆ ಜರುಗಿಸಿ ಬಲಗಾಲನ್ನು ಊರುವುದು ಲೇಸು. ಏರಿನಲ್ಲಿ ಹೊರಡುವಾಗ ಬಲಗಾಲು ಹಿಂದಿನ ಬ್ರೇಕಿನ ಮೇಲಿರಬೇಕಾದುದರಿಂದ ಎಡಗಾಲನ್ನು ಊರಬೇಕು. ಅಂಥಲ್ಲಿ ಅಂಚನ್ನು ಬಿಟ್ಟು ಸಮನಾದ ಜಾಗವನ್ನು ಆರಿಸಿಕೊಳ್ಳಬೇಕು. ಇಳಿಜಾರಿನ ಕಡೆ ಮೂತಿಮಾಡಿ ವಾಹನವನ್ನು ನಿಲ್ಲಿಸಿದರೆ ಹಿಂದಕ್ಕೆ ತಳ್ಳಲು ಕಾಲಿಗೆ ಬಲ ಸಾಲದು. ತಳ್ಳಬೇಕಾದಾಗ ನಾಚಿಕೆಪಡದೆ ಇಳಿದು ತಳ್ಳಬೇಕು.

ಮದ್ದೂರು-ಮಳವಳ್ಳಿ ರಸ್ತೆಯು ಈ ಪಾಠಗಳಿಗೆಲ್ಲ ಪರೀಕ್ಷೆಯನ್ನು ಇಟ್ಟಿದೆ. ಸಕ್ಕರೆ ಕಾರ್ಖಾನೆಯಿರುವ ಕೆ.ಎಂ. ದೊಡ್ಡಿಯ ಸುತ್ತ ಕಬ್ಬು ಅರೆಯುವ ಕಾಲದಲ್ಲಿ ಗಾಡಿಗಳೂ ಟ್ರ್ಯಾಕ್ಟರುಗಳೂ ಸಾಲುಗಟ್ಟುತ್ತವೆ. ಅವುಗಳಿಂದ ಜಾರಿದ ಕಬ್ಬಿನ ಜಲ್ಲೆಗಳೂ ಸೋಗೆಯೂ ರಸ್ತೆಯಲ್ಲಿ ಹರಡಿಕೊಂಡಿರುತ್ತವೆ. ಕತ್ತಲಾದ ಮೇಲೆ ಹಿಂದೀಪವಿಲ್ಲದ ಟ್ರೇಲರು ಧುತ್ತೆಂದು ಎದುರಾಗುವುದೂ ಉಂಟು. ದೀಪದ ನೇರವು ಕೆಡಬಾರದೆಂದು ಮೆಕ್ಯಾನಿಕ್ಕು ಹೇಳಿದ್ದರ ಅರ್ಥ ಅಲ್ಲಿ ಆಗುತ್ತದೆ. ಸುಗ್ಗಿಯಲ್ಲಿ ಹುರುಳಿ ರಾಗಿಗಳ ಒಕ್ಕಣೆಯು ರಸ್ತೆಯ ಮೇಲೆಯೇ. ಹರಡಿದ ಹುರುಳಿಯ ಮೇಲೆ ಊರಿದ ಪಾದವು ಎಣ್ಣೆಯ ಮೇಲೆ ಊರಿದಂತೆ ಜಾರುತ್ತದೆ. ಅಲ್ಲಿ ನಿಲ್ಲದಿರುವುದೇ ಜಾಣತನ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ನಾಲೆಯ ಏರಿಯ ಮೇಲೆ. ಈ ಜಿಲ್ಲೆಗೆ ಅನ್ನವಿಟ್ಟ ನೀರೇ ಜೀವವನ್ನೂ ಕೊಂಡದ್ದುಂಟು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಅಸುನೀಗಿದರು; ಅವರಲ್ಲಿ ಶಾಲೆಯ ಮಕ್ಕಳೂ ಇದ್ದರು. ತಡೆಗೋಡೆಯಿಲ್ಲದ ಏರಿಯ ಮೇಲೆ ಎದುರಿನಿಂದ ಟ್ರ್ಯಾಕ್ಟರು ಬಂದಾಗ ಪಕ್ಕಕ್ಕೆ ಸರಿದು ನಿಲ್ಲುವ ಮೋಟಾರು ಸೈಕಲ್ಲಿನವರಿಗೆ ಊರಿದ ಪಾದವೊಂದೇ ತಡೆಗೋಡೆ. ನಾಲೆಯ ಕಡೆಗೆ ಕಾಲು ಚಾಚಿದರೆ ಅಲ್ಲಿ ನೆಲವೇ ಇರದಿರಬಹುದು.

ಹಿಂದಿನ ಆಸನದ ಹಿರಿಯರು

ತಾಯಿಯನ್ನು ಕೂರಿಸಿಕೊಂಡು ಹೊರಡುವ ದಿನ ಇನ್ನೊಂದು ತೊಡಕು ಎದುರಾಯಿತು. ಸೀರೆಯುಟ್ಟು ಒಂದೇ ಕಡೆಗೆ ಕಾಲಿಳಿಬಿಟ್ಟು ಕೂರುವುದು ಅವರ ಜನ್ಮದ ರೂಢಿ. ಹಾಗೆ ಕುಳಿತಾಗ ಭಾರವೆಲ್ಲ ಎಡಕ್ಕೆ ಎಳೆಯುತ್ತದೆ. ಎಡಗಡೆಯಲ್ಲಿಯೇ ನೆಲವು ತಗ್ಗು. ಒಂದು ಕಾಲಿನ ಮೇಲೆ ನಿಂತ ಸವಾರಳಿಗೆ ಇದು ತಡೆಯಲಾರದ ಎಳೆತ. ಹಿಂದಿನವರು ಹತ್ತುವ ಗಳಿಗೆಯೇ ಗಿಡ್ಡ ಸವಾರರಿಗೆ ಎಲ್ಲಕ್ಕಿಂತ ಅಪಾಯದ್ದು.

ತಾಯಿಯೇ ಅದಕ್ಕೆ ಪರಿಹಾರವನ್ನು ಸೂಚಿಸಿದರು. ಮನೆಯ ಜಗಲಿಗೆ ವಾಹನವನ್ನು ತಂದು ನಿಲ್ಲಿಸಿದರೆ ಮೇಲಿನಿಂದಲೇ ಹತ್ತಬಹುದಲ್ಲವೆ? ಜಗಲಿಯ ಬಳಿ ನೆಲವೂ ಸಮ. “ಹೊಲದಲ್ಲಿ ಕಚ್ಚೆ ಹಾಕ್ಕಂಡು ನಾಟಿ ಹಾಕಿವ್ನಿ. ಎರಡು ಕಡೀಕೂ ಕಾಲಾಕ್ಕಂಡು ಕೂತ್ಕಂಡ್ರೆ ಯಾರೇನಂದಾರು?” ಎಂದರು. ಅಂದಿನಿಂದ ಅವರ ಪ್ರಯಾಣದ ಉಡುಪೇ ಬೇರೆಯಾಯಿತು. ಮಗಳು ಸ್ಪ್ರಿಂಗನ್ನು ಬಿಗಿಮಾಡಿ, ದೀಪದ ನೇರವನ್ನು ಗೋಡೆಗೆ ಬಿಟ್ಟು ನೋಡಿ, ತಾಯಿಯ ಹೆಲ್ಮೆಟ್ಟಿನ ಪಟ್ಟಿಯನ್ನು ತಾನೇ ಕಟ್ಟಿದಳು. ಸ್ಪ್ರಿಂಗು ಬಿಗಿಯಾದರೂ ಇಬ್ಬರ ಭಾರವಿರುವುದರಿಂದ ಆಸನವು ಮೊದಲಿಗಿಂತ ಎತ್ತರವಾಗಲಿಲ್ಲ. ಉಬ್ಬುಗಳನ್ನು ಮೆಲ್ಲನೆ ದಾಟಿದರು. ಒಂದೆರಡು ಕಡೆ ತಾಯಿಯನ್ನು ಇಳಿಸಿಯೇ ದಾಟಬೇಕಾಯಿತು. ಎಲ್ಲಿಯೂ ಹೊಟ್ಟೆಯು ನೆಲಕ್ಕೆ ತಾಗಲಿಲ್ಲ.

ಮಳವಳ್ಳಿಯು ಚರಿತ್ರೆಯನ್ನು ಬಲ್ಲವರಿಗೆ ಪರಿಚಿತ. 1799ರ ಮಾರ್ಚ್ 27ರಂದು ಜನರಲ್ ಹ್ಯಾರಿಸನ ಸೇನೆಗೂ ಟಿಪ್ಪು ಸುಲ್ತಾನನ ಸೇನೆಗೂ ಇಲ್ಲಿ ಯುದ್ಧವಾಯಿತು. ಇಲ್ಲಿಂದ ಮುಂದೆ ಹೋದರೆ ಶಿವನಸಮುದ್ರ. ಅಲ್ಲಿ 1902ರಲ್ಲಿ ಕಾವೇರಿಯ ಧುಮುಕುವಿಕೆಯಿಂದ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳವರೆಗೆ ತಂತಿಯ ಮೇಲೆ ಸಾಗಿ, ಅಂದಿನ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದೆನಿಸಿತು. ಈ ತಾಲ್ಲೂಕಿನದೇ ಆದ ಇನ್ನೊಂದು ಕೀರ್ತಿಯು ಬಂಡೂರು ಕುರಿ. ಬಂಡೂರು ಎಂಬ ಹಳ್ಳಿಯಿಂದ ಹೆಸರು ಪಡೆದ ಈ ತಳಿಯು ಮೋಟು ಕಾಲಿನದು, ಮೈ ತುಂಬಿದ್ದು, ನೆಲಕ್ಕೆ ಹತ್ತಿರವಾದದ್ದು. ಸಂತೆಯಲ್ಲಿ ಅದರ ಬೆಲೆ ಮಾತ್ರ ಉಳಿದ ಕುರಿಗಳನ್ನು ಮೀರಿದ್ದು.

ತವರುಮನೆಯ ಅಂಗಳದಲ್ಲಿ ಸೋದರಮಾವನು ನಿಂತಿದ್ದನು. ಸೊಸೆಯು ಬಲಗಾಲನ್ನು ಊರಿ ವಾಹನವನ್ನು ನಿಲ್ಲಿಸಿದ ಬಗೆಯನ್ನು ಕಂಡು ಆತನಿಗೆ ಏನು ಹೇಳಬೇಕೆಂದು ತೋಚಲಿಲ್ಲ. “ಆದ್ರೂ ಕುಳ್ಳಿಗೆ ಇಷ್ಟು ದೊಡ್ಡ ಗಾಡಿ...” ಎಂದು ಮಾತನ್ನು ಎಳೆದನು. ತಾಯಿಯು ಹೆಲ್ಮೆಟ್ಟನ್ನು ತೆಗೆಯುತ್ತ, “ಬಂಡೂರು ಕುರಿ ಕುಳ್ಳು ಅಂತ ಯಾರಾರ ಕಮ್ಮಿ ಬೆಲೆ ಕಟ್ಟವ್ರಾ, ಬುಡ್ಲಾ” ಎಂದು ತಮ್ಮನ ಬಾಯನ್ನು ಮುಚ್ಚಿಸಿದರು.

ಇಂದು ಮಂಡ್ಯ, ಮದ್ದೂರು, ಮಳವಳ್ಳಿಯ ರಸ್ತೆಗಳಲ್ಲಿ ದೊಡ್ಡ ವಾಹನದ ಮೇಲೆ ಚಿಕ್ಕ ಮೈಯವರನ್ನು ಕಾಣುವುದು ಅಪೂರ್ವವೇನಲ್ಲ. ಅಂಥವರು ಹೊಸದಾಗಿ ವಾಹನವನ್ನು ಕೊಳ್ಳುವುದಾದರೆ ಅನುಸರಿಸಬೇಕಾದ ಕ್ರಮವು ಸರಳ. ಮೊದಲು ಕಾಲನ್ನು ಅಳೆಯಬೇಕು. ಬೂಟು ಹಾಕಿಕೊಂಡೇ ಅಂಗಡಿಗೆ ಹೋಗಿ ಕುಳಿತು ನೋಡಬೇಕು. ಸನ್ನೆ, ಪೆಡಲು, ಸ್ಪ್ರಿಂಗುಗಳನ್ನು ಹದಮಾಡಿಸಿ, ಸಾಲದಿದ್ದರೆ ಆಸನವನ್ನು ಕೊರೆಸಬೇಕು. ವಾಹನದ ಮೈಯನ್ನು ತಗ್ಗಿಸುವ ಯೋಚನೆಯು ಕೊನೆಯದಾಗಿರಲಿ. ಅದನ್ನು ಮಾಡಿಸುವ ಮುನ್ನ ಹಿಂದೆ ಕೂರುವವರನ್ನು ಕೂರಿಸಿ ಹೊಟ್ಟೆಯ ಕೆಳಗೆ ಟೇಪು ಹಿಡಿದು ನೋಡುವುದನ್ನು ಮರೆಯಬಾರದು. ತಮ್ಮ ಊರಿನ ದಾರಿಯಲ್ಲಿರುವ ಅತಿ ಎತ್ತರದ ಉಬ್ಬು ಯಾವುದೆಂದು ಪ್ರತಿಯೊಬ್ಬರಿಗೂ ಗೊತ್ತೇ ಇರುತ್ತದೆ.